ನರ್ಸಮ್ಮನ ಕಾಲು

ಹಿಂದೂಪುರದ ಆಸ್ಪತ್ರೆಯ ಆ ನರ್ಸಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ವಾಚ್‌ಮನ್ ಎದುರಾದರೂ "ಕಾಲ್ ತೋರ್ಸು" ಅನ್ನುವುದೇ ಅವಳ ನಮಸ್ಕಾರ. ತಿಂಗಳು ತುಂಬದೆ ಹುಟ್ಟಿದ ನನ್ನ ಮಗಳ ಹೊಕ್ಕುಳಿನ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿದ್ದರು. ಅದರಿಂದ ರಕ್ತ ಕಟ್ಟಿದರೆ ಮೊದಲು ಕಾಲ್ಬೆರಳಿನ ಬಣ್ಣ ಕೆಡುತ್ತದಂತೆ.

ಒಂದು ಬೆಳಿಗ್ಗೆ ಬೆರಳು ಕಪ್ಪಗಿತ್ತು. ಕೊಳವೆ ತೆಗೆಯಲು ಡಾಕ್ಟರು ಓಡಿಬಂದರು. ನರ್ಸಮ್ಮ ಉಜ್ಜಿ ನೋಡಿದಳು. ಕಾಡಿಗೆ! ಕಲ್ಯಾಣದುರ್ಗದಿಂದ ಬಂದ ನಮ್ಮತ್ತೆ ಮಕ್ಕಳ ವಾರ್ಡಿನೊಳಗೆ ನುಗ್ಗಿ ಬೊಟ್ಟಿಟ್ಟಿದ್ದರು.

"ದಿಷ್ಟಿ ಆಗ್ಬುಟ್ರೆ?" ಅಂದರು ಅತ್ತೆ.

"ನನ್ ಕಾಲ್ಗಿಡು ಕಣಮ್ಮ. ಮಗೀನ್ ಕಾಲು ನಂಗೆ ಬರಿದಾಗೇ ಕಾಣ್ಬೇಕು," ಎಂದು ನರ್ಸಮ್ಮ ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಅತ್ತೆ ಇಟ್ಟೇಬಿಟ್ಟರು. ಮಿಕ್ಕ ಮಕ್ಕಳ ಅಜ್ಜಿಯರೂ ಸಾಲುಗಟ್ಟಿದರು.

ಮಗಳ ಕೊಳವೆ ತೆಗೆದ ದಿನ ನರ್ಸಮ್ಮ ನಲ್ಲಿಯಡಿ ಒಂದೇ ಒಂದು ಬೊಟ್ಟು ತೊಳೆದುಕೊಂಡಳು. ಉಳಿದವು ಇನ್ನೂ ಒಳಗಿದ್ದ ಮಕ್ಕಳವು.