ಬ್ರೇಕಿಗೆಂದು ಇಳಿಸಿದ ಎರಡು ಸಾವಿರ

ಬೈಕಿನ ಬ್ರೇಕ್ ಸರಿಮಾಡಿಸಲು ತಗುಲಿದ್ದು ಸಾವಿರದ ನೂರು ರೂಪಾಯಿ. ರಬ್ಬರ್ ಕಿಟ್ಟು, ಆಯಿಲ್, ಮೆಕ್ಯಾನಿಕ್ ಕೂಲಿ ಎಲ್ಲ ಸೇರಿ ಅಷ್ಟೇ. ಟ್ಯಾಂಕಿನ ಬಣ್ಣಕ್ಕೆ ಕೊಟ್ಟಿದ್ದು ಎರಡು ಸಾವಿರ, ಅದೂ ಎರಡು ಸಲ. ಮೊದಲು ಬ್ರೇಕು, ಆಮೇಲೆ ಬಣ್ಣ ಎಂದು ಮಾಡಿಸಿದ್ದರೆ ಬಣ್ಣದ ಖರ್ಚು ಒಂದೇ ಸಲಕ್ಕೆ ಮುಗಿಯುತ್ತಿತ್ತು. ನನ್ನ ಮಗಳ ಬಲಗೈ ಮಣಿಕಟ್ಟಿನೊಳಗೆ ಇವತ್ತು ಸ್ಟೀಲ್ ಪ್ಲೇಟೂ ಇರುತ್ತಿರಲಿಲ್ಲ.

ಮಗಳು ಫಿಸಿಯೋಥೆರಪಿಸ್ಟ್. ರಾಜರಾಜೇಶ್ವರಿನಗರದಲ್ಲಿ ಮನೆಮನೆಗೆ ಹೋಗಿ, ಲಕ್ವ ಹೊಡೆದವರಿಗೆ, ಮಂಡಿ ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುತ್ತಾಳೆ. ನಮ್ಮ ಮನೆ ಇರುವುದು ಅತ್ತಿಗುಪ್ಪೆಯಲ್ಲಿ. ಮೆಟ್ರೋ ಇದೆ ನಿಜ, ಆದರೆ ಇಳಿದ ಮೇಲೆ ಆ ಏರು ತಗ್ಗಿನ ಬಡಾವಣೆಗಳಲ್ಲಿ ದಿನಕ್ಕೆ ಐದಾರು ಮನೆ ನಡೆದು ಮುಗಿಸುವುದು ಆಗದ ಮಾತು. ಸ್ಕೂಟರ್ ಕೊಡಿಸುತ್ತೇನೆಂದರೆ ಬೇಡವೆಂದಳು. ನನ್ನ ಹಳೆಯ ಬೈಕಿನಲ್ಲೇ ಕಲಿತವಳು, ಬೈಕೇ ಬೇಕು.

ಹೊಸದಕ್ಕೆ ದುಡ್ಡು ಸುರಿಯುವ ಜಾತಿ ನನ್ನದಲ್ಲ. ವಿಜಯನಗರದಲ್ಲಿ ನಲ್ಲಿ, ಪೈಪು ಮಾರುವ ಅಂಗಡಿಯನ್ನು ಕೈಯಲ್ಲಿ ಬಿಡಿಗಾಸಿಲ್ಲದೆ ಶುರುಮಾಡಿದವನು. ಚೌಕಾಸಿ ಮಾಡದೆ ಸೊಪ್ಪಿನ ಕಟ್ಟೂ ಕೊಂಡವನಲ್ಲ. ಹುಡುಕಿ ಹುಡುಕಿ ಬಸವೇಶ್ವರನಗರದಲ್ಲಿ ಒಂದು ಬೈಕ್ ಹಿಡಿದೆ. ಮಾರುವವರು ನಿವೃತ್ತ ಮೇಷ್ಟ್ರು. ಎಂಜಿನ್ ಸದ್ದು ಚೆನ್ನಾಗಿತ್ತು, ಟೈರುಗಳೂ ಸರಿಯಿದ್ದವು. ಟ್ಯಾಂಕಿನ ಬಲಭಾಗದಲ್ಲಿ ಮಾತ್ರ ಅಂಗೈಯಗಲ ಬಣ್ಣ ಗುಳ್ಳೆಯೆದ್ದು ಸುಲಿದಿತ್ತು. ಒಳಗೊಳಗೇ ಖುಷಿಯಾಯಿತು. ಹಿಡಿದು ಎಳೆಯಲು ಒಂದು ತುದಿ ಸಿಕ್ಕಿತ್ತು.

"ಏನ್ ಸಾರ್, ಟ್ಯಾಂಕ್‌ಗೆ ಚರ್ಮರೋಗ ಬಂದಂಗಿದೆ?" ಎಂದೆ.

"ಬ್ರೇಕ್ ಆಯಿಲ್ ಬಿದ್ದು ಹಾಗಾಗಿದೆ. ಹ್ಯಾಂಡಲ್ ಹತ್ರ ಜಿನುಗುತ್ತೆ. ನಾನು ಆಗಾಗ ತುಂಬಿಸ್ಕೊಂಡು ನಿಧಾನಕ್ಕೆ ಓಡಿಸ್ತಿದ್ದೆ. ನೀವು ಮೊದಲು ಅದನ್ನ..."

"ಹಾಗಾದ್ರೆ ಎರಡು ಸಾವಿರ ಬಿಡಿ."

"ಪೂರ್ತಿ ಕೇಳಿ ಸಾರ್."

"ಏನ್ ಕೇಳೋದು, ರಿಪೇರಿ ನನ್ನ ತಲೆಗೆ ತಾನೇ? ಎರಡು ಬಿಡಿ, ಈಗಲೇ ಗಾಡಿ ತಗೊಂಡು ಹೋಗ್ತೀನಿ."

ಅವರು ನನ್ನ ಮುಖ ನೋಡಿ, ಸರಿ ಎಂದು ಕೀ ಕೊಟ್ಟರು.

ವ್ಯಾಪಾರದ ಅಭ್ಯಾಸ ಇರುವವರಿಗಷ್ಟೇ ಅರ್ಥವಾಗುವ ಒಂದು ಮಂಕು ಇದೆ. ದೋಷಕ್ಕೆ ಬೆಲೆ ಇಳಿಸಿಕೊಂಡ ಕೂಡಲೇ ಆ ದೋಷದ ಲೆಕ್ಕ ಮನಸ್ಸಿನಲ್ಲಿ ಚುಕ್ತಾ ಆಗಿಬಿಡುತ್ತದೆ. ಬ್ರೇಕಿನ ದುಡ್ಡು ಕೈಗೆ ಬಂದಿತ್ತು; ಬ್ರೇಕು ಸರಿಯಾದಷ್ಟೇ ಸಮಾಧಾನ. ಮನೆಗೆ ಬಂದು ನೋಡಿದರೆ ಕಣ್ಣಿಗೆ ಹೊಡೆಯುತ್ತಿದ್ದದ್ದು ಸುಲಿದ ಬಣ್ಣ. ಮಗಳು ನಾಲ್ಕು ಜನರ ಮನೆ ಮುಂದೆ ನಿಲ್ಲಿಸುವ ಗಾಡಿ ಎಂದುಕೊಂಡು, ಅದೇ ಎರಡು ಸಾವಿರವನ್ನು ಸುಂಕದಕಟ್ಟೆಯ ಒಬ್ಬ ಪೇಂಟರ್‌ಗೆ ಕೊಟ್ಟೆ. ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಗೆ ಆಯಿಲ್ ನಾನೇ ತುಂಬಿ, ಸುತ್ತ ಬಟ್ಟೆಯಿಂದ ಒರೆಸಿದೆ. ಬ್ರೇಕಿನ ಲಿವರ್ ಗಟ್ಟಿಯಾಗಿಯೇ ಇತ್ತು. ಟ್ಯಾಂಕು ಕನ್ನಡಿಯ ಹಾಗೆ ಹೊಳೆಯಿತು.

ಹತ್ತು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಮಗಳು ಗೇಟಿನ ಹತ್ತಿರದಿಂದ ಕೂಗಿದಳು.

"ಅಪ್ಪಾ, ನಿನ್ನ ಹೊಸ ಬಣ್ಣ ಬಾ ನೋಡು. ಹಪ್ಪಳ ಎದ್ದಂಗೆ ಎದ್ದಿದೆ."

ಅದೇ ಜಾಗ, ಅದೇ ಗುಳ್ಳೆ. "ಕಳಪೆ ಬಣ್ಣ ಬಳಿದಿದಾನೆ ಕಣಮ್ಮ. ಇವತ್ತು ಅವನಿಗಿದೆ," ಎಂದೆ. ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಅವಳು ಕೆಲಸಕ್ಕೆ ಹೊರಟಳು. ನಾನು ನನ್ನ ಸ್ಕೂಟರಿನಲ್ಲಿ ಪೇಂಟರ್ ಬಳಿ ಜಗಳಕ್ಕೆ ಹೊರಟೆ.

ಪೇಂಟರ್ ನನ್ನದೇ ವಯಸ್ಸಿನ ಮನುಷ್ಯ. ನನ್ನ ಬೈಗುಳ ಮುಗಿಯುವ ತನಕ ಫೋಟೋವನ್ನೇ ದೊಡ್ಡದು ಮಾಡಿ ನೋಡಿದ.

"ಇದು ಬಣ್ಣದ ತಪ್ಪಲ್ಲ ಸಾರ್. ಬ್ರೇಕ್ ಆಯಿಲ್ ತಿಂದಿರೋದು. ಲೀಕ್ ಸರಿ ಮಾಡಿಸ್ಲಿಲ್ವಾ ನೀವು?"

"ಮಾಡಿಸ್ತೀನಿ ಬಿಡಯ್ಯಾ. ಮೊದ್ಲು ನಿನ್ನ ಕೆಲಸದ ಮಾತಾಡು."

"ಹತ್ತು ದಿನಕ್ಕೆ ಇಷ್ಟಗಲ ತಿಂದಿದೆ ಅಂದ್ರೆ ಚೆನ್ನಾಗೇ ಸೋರ್ತಾ ಇದೆ. ಗಾಡಿ ಎಲ್ಲಿ?"

"ಮಗಳು ತಗೊಂಡು ಹೋದ್ಲು."

ಅವನು ಫೋನನ್ನು ನನ್ನ ಕೈಗೆ ತುರುಕಿದ. "ಜಗಳ ಆಮೇಲೆ ಆಡೋಣ. ಮೊದ್ಲು ಫೋನ್ ಮಾಡಿ ನಿಲ್ಸೋಕೆ ಹೇಳಿ ಸಾರ್."

ನಾಲ್ಕು ಸಲ ಮಾಡಿದೆ. ಎತ್ತಲಿಲ್ಲ. ಗಾಡಿ ಓಡಿಸುವಾಗ ಯಾರದ್ದೇ ಫೋನ್ ಬಂದರೂ ಎತ್ತಬೇಡ ಎಂದು ಕಲಿಸಿದವನು ನಾನೇ. ಐದನೆಯ ಸಲಕ್ಕೆ ಗುರುತಿಲ್ಲದ ಹೆಂಗಸಿನ ದನಿ ಕೇಳಿತು. "ನೀವು ಈ ಹುಡುಗಿ ತಂದೆನಾ? ಗಾಬರಿಯಾಗ್ಬೇಡಿ. ಮಾತಾಡ್ತಾ ಇದ್ದಾಳೆ. ಕೈಗೆ ಏಟಾಗಿದೆ."

ಆಸ್ಪತ್ರೆಯಲ್ಲಿ ಅವಳೇ ಹೇಳಿದಳು. ಇಳಿಜಾರಿನಲ್ಲಿ ಒಂದು ಮನೆಯ ಗೇಟಿನಿಂದ ನೀರಿನ ಟ್ಯಾಂಕರ್ ಹಿಂದಕ್ಕೆ ಬಂದಿದೆ. ಮುಂದಿನ ಬ್ರೇಕ್ ಹಿಡಿದರೆ ಲಿವರ್ ಮೆತ್ತಗೆ ಹ್ಯಾಂಡಲ್‌ವರೆಗೂ ಬಂದುಬಿಟ್ಟಿದೆ. ಹಿಂದಿನ ಬ್ರೇಕನ್ನು ಜೋರಾಗಿ ತುಳಿದಾಗ ಗಾಡಿ ಜಾರಿದೆ. ಬಲಗೈ ಊರಿ ಬಿದ್ದಿದ್ದಾಳೆ. ಟ್ಯಾಂಕರ್‌ನ ಚಕ್ರ ಮೂರಡಿ ಆಚೆ ನಿಂತಿತಂತೆ.

"ಗೋಡೆ ಒದ್ದೆ ಅಂತ ಅಂಗಡಿಗೆ ಬಂದವರಿಗೆಲ್ಲ ಮೊದ್ಲು ಪೈಪ್ ನೋಡ್ಸಿ, ಆಮೇಲೆ ಪೇಂಟ್ ಹೊಡೆಸಿ ಅಂತೀಯಲ್ಲಪ್ಪಾ," ಎಂದಳು. ನಗಲು ನೋಡಿದಳು, ನೋವಿಗೆ ಆಗಲಿಲ್ಲ.

ಯಾರ ಮೇಲಾದರೂ ಕೂಗಾಡಬೇಕಿತ್ತು. ವರಾಂಡಕ್ಕೆ ಬಂದು ಮೇಷ್ಟ್ರಿಗೆ ಫೋನ್ ಹಚ್ಚಿದೆ. "ನಿಮ್ಮ ಗಾಡಿಯಿಂದ ನನ್ನ ಮಗಳ ಕೈ ಮುರೀತು," ಎಂದೆ.

"ಬ್ರೇಕಿಗೆ ಅಂತಾನೇ ಅಲ್ವಾ ಸಾರ್ ಎರಡು ಸಾವಿರ ಇಳಿಸಿದ್ದು? ಮಾರನೇ ದಿನಾನೇ ಮಾಡಿಸ್ತೀರಿ ಅಂದ್ಕೊಂಡೆ. ಮಗು ಹೇಗಿದೆ ಈಗ?"

ಮಣಿಕಟ್ಟಿಗೆ ಪ್ಲೇಟ್ ಹಾಕಬೇಕಂತೆ ಎಂದು ಹೇಳಿ ಫೋನಿಟ್ಟೆ.

ಗಾಡಿಯನ್ನು ಟೆಂಪೋದಲ್ಲಿ ತರಿಸಿ ಮೆಕ್ಯಾನಿಕ್ ಮುಂದೆ ಇಳಿಸಿದೆ. ಅವನು ಲಿವರ್ ಹಿಂದಿನ ಸಿಲಿಂಡರ್ ಬಿಚ್ಚಿ, ಒಳಗಿನ ರಬ್ಬರ್ ಬಳೆಯನ್ನು ನನ್ನ ಅಂಗೈಗೆ ಹಾಕಿದ. ಕಿರುಬೆರಳಿನ ಉಗುರಿನಷ್ಟು ಅಗಲ, ಒಂದು ಕಡೆ ಸೀಳಿತ್ತು. ಹೊಸದು ಹಾಕಿ, ಆಯಿಲ್ ಬದಲಿಸಿ, ಪೈಪಿನ ಗಾಳಿ ತೆಗೆಯಲು ಒಂದು ಗಂಟೆಯೂ ಹಿಡಿಯಲಿಲ್ಲ. ನಾನು ಒಂದು ವಾರ ಓಡಿಸಿ, ಲಿವರಿನ ಬುಡ ಒಣಗಿಯೇ ಇದೆ ಎಂದು ತೋರಿಸಿದ ಮೇಲಷ್ಟೇ ಪೇಂಟರ್ ಟ್ಯಾಂಕ್ ಮುಟ್ಟಿದ. ಎರಡನೆಯ ಸಲ ನಾನು ಚೌಕಾಸಿ ಮಾಡಲಿಲ್ಲ.

ಮಗಳು ಮೂರು ತಿಂಗಳ ಮೇಲೆ ಕೆಲಸಕ್ಕೆ ಮರಳಿದಳು. ಹಾಸಿಗೆ ಹಿಡಿದವರನ್ನು ಎಬ್ಬಿಸಿ ಕೂರಿಸುವಷ್ಟು ಬಲ ಆ ಕೈಗೆ ಇನ್ನೂ ಬಂದಿಲ್ಲ. ಅಂಥ ಮನೆಗಳನ್ನೆಲ್ಲ ಗೆಳತಿಗೆ ಬಿಟ್ಟುಕೊಟ್ಟಿದ್ದಾಳೆ.

ಹಳೆಯ ಗಾಡಿ ಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಟ್ಯಾಂಕಿನ ಮೇಲೋ ಮುಂದಿನ ಮಡ್‌ಗಾರ್ಡಿನ ಮೇಲೋ ಬಣ್ಣ ಗುಳ್ಳೆಯೆದ್ದಿದ್ದರೆ ಅದರ ನೇರ ಮೇಲೆ ಏನಿದೆ ಎಂದು ನೋಡಿ. ಬ್ರೇಕ್ ಲಿವರನ್ನು ಬಿಗಿಯಾಗಿ ಹಿಡಿದು ಒಂದು ನಿಮಿಷ ಹಾಗೇ ಇರಿ. ಮೆಲ್ಲಗೆ ಒಳಗೆ ಸರಿದರೆ ಆ ಗಾಡಿಯನ್ನು ಓಡಿಸಬೇಡಿ. ಬುಡದಲ್ಲಿ ಬೆರಳಾಡಿಸಿ ತೇವ ಇದೆಯಾ ನೋಡಿ. ಆಯಿಲ್ ಚೆಲ್ಲಿದರೆ ಒರೆಸಿ ಸುಮ್ಮನಾಗದೆ ಕೂಡಲೇ ನೀರು ಸುರಿದು ತೊಳೆಯಿರಿ. ಡಬ್ಬಿ ತುಂಬಿಸಿಕೊಂಡು ದಿನ ದೂಡಬೇಡಿ. ಮಾರುವವರು ತಾವಾಗಿಯೇ ಒಂದು ದೋಷ ಹೇಳಲು ಬಾಯಿ ತೆರೆದರೆ, ಮಾತು ಮುಗಿಯುವ ತನಕ ಬೆಲೆ ಎತ್ತಬೇಡಿ. ಬ್ರೇಕಿಗೆಂದು ದುಡ್ಡು ಇಳಿಸಿಕೊಂಡರೆ ಅದನ್ನು ಜೇಬಿಗಿಳಿಸಿ ಮನೆಗೆ ತರಬೇಡಿ. ಗಾಡಿಯನ್ನು ಅಲ್ಲಿಂದಲೇ ತಳ್ಳಿಕೊಂಡು ಹತ್ತಿರದ ಮೆಕ್ಯಾನಿಕ್ ಹತ್ತಿರ ಹೋಗಿ.