ಡೊಂಕಾದ ಎಳೆ

ಕನ್ನಡಕದ ಗಾಜು ದಪ್ಪವೆಂದು ಚಿಕ್ಕಂದಿನಲ್ಲೇ ಅವಳಿಗೆ ಸೋಡಾಬುಡ್ಡಿ ಎಂಬ ಹೆಸರು ಬಿತ್ತು. ಮದುವೆಯಾಗಿ ಬಂದ ಬೀದಿಯವರು ಸ್ವಲ್ಪ ಮರ್ಯಾದಸ್ಥರು, ಬುಡ್ಡಿಯಕ್ಕ ಎಂದರು. ಕನ್ನಡಕ ತೆಗೆದರೆ ಎದುರಿಗೆ ನಿಂತ ಗಂಡನೂ ಮಬ್ಬು. ಅದರಿಂದ ದೊಡ್ಡ ನಷ್ಟವೇನೂ ಇಲ್ಲ ಎಂದು ಅವಳೇ ನಗುತ್ತಿದ್ದಳು. ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡರೆ ಮಾತ್ರ ಒಂದೊಂದು ನೂಲೂ ಹಗ್ಗದಷ್ಟು ಸ್ಪಷ್ಟ. ಆ ಕಣ್ಣಿನಿಂದಲೇ ರಫು ಕೆಲಸದಲ್ಲಿ ಹೆಸರು ಮಾಡಿದಳು. ತೂತು ಬಿದ್ದ ಕೋಟಿಗೆ ಅದರದೇ ನೂಲಿನಿಂದ ಹಾಸುಹೊಕ್ಕು ಹೆಣೆದು ಕೊಟ್ಟರೆ, ತೂತೆಲ್ಲಿತ್ತೆಂದು ಕೋಟಿನ ಯಜಮಾನನೇ ತಡಕಾಡಬೇಕು.

ಈಚೆಗೆ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಎಳೆಗಳು ನೇರ ನಿಲ್ಲುತ್ತಿರಲಿಲ್ಲ. ದೀಪ ಬದಲಿಸಿದಳು, ಸೂಜಿ ಬದಲಿಸಿದಳು, ಕೊನೆಗೆ ಅಂಗಡಿಯಲ್ಲಿ ಪಕ್ಕದಲ್ಲೇ ಕೂತು ಕೆಲಸ ಮಾಡುವ ನಾದಿನಿಯ ಮೇಲೆ ಹರಿಹಾಯ್ದಳು. ಒಂದು ಬೂದು ಕೋಟನ್ನು ಎತ್ತಿಕೊಂಡವಳೇ, "ಇದೇನೇ ಇದು, ಹಾವು ಹರಿದ ಹಾಗಿದೆ!" ಎಂದು ಹೆಣೆದದ್ದನ್ನು ಅರ್ಧದವರೆಗೆ ಬಿಚ್ಚಿ ಹಾಕಿದಳು.

"ಬೆಳಕು ಸ್ವಲ್ಪ ಕಮ್ಮಿ ಇತ್ತು ಅತ್ತಿಗೆ..."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ!"

ನಾದಿನಿ ಬಿಚ್ಚಿದ ನೂಲನ್ನು ಸುತ್ತಿ ಎತ್ತಿಟ್ಟಳು. ಮಾರನೆಯ ದಿನ ಮಾತ್ರ ಹಟ ಹಿಡಿದು ಅತ್ತಿಗೆಯನ್ನು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು.

"ಗದ್ದ ಇಲ್ಲಿಡಿ, ನಡುವಿನ ಹಸಿರು ಗುರುತನ್ನೇ ನೋಡಿ," ಎಂದಳು ಸ್ಕ್ಯಾನ್ ಮಾಡುವವಳು. ಎಡಗಣ್ಣಿಗೆ ಗುರುತು ಕಂಡಿತು. ಬಲಗಣ್ಣಿಗೆ ಆ ಜಾಗದಲ್ಲಿ ಬರೀ ಮಸಿಯ ಕಲೆ. ಬುಡ್ಡಿಯಕ್ಕನ ಕೆಲಸದ ಕಣ್ಣು ಅದು. ಹೋದರೆ ಸೂಜಿಯೂ ಹೋದಂತೆ. "ಚೆನ್ನಾಗಿ ಕಾಣ್ತಿದೆ," ಎಂದು ಸುಳ್ಳು ಹೇಳಿದಳು. ಆದರೆ ಕಣ್ಣು ಗುರುತು ಹುಡುಕುತ್ತ ಅಲೆಯುತ್ತಿತ್ತು, ಚಿತ್ರ ಮತ್ತೆ ಮತ್ತೆ ಕೆಡುತ್ತಿತ್ತು.

"ಕಾಣದಿದ್ರೆ ಕಾಣಲ್ಲ ಅನ್ನಿ ಅಮ್ಮಾ. ಈ ಯಂತ್ರದ ಹತ್ರ ಸುಳ್ಳು ನಡೆಯಲ್ಲ."

ಡಾಕ್ಟರು ಚಿತ್ರ ತೋರಿಸಿದರು. "ನಿಮ್ಮ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಿದೆ. ಒಳಗಿನ ಪರದೆ ಜಗ್ಗಿ ತೆಳ್ಳಗಾಗಿದೆ. ಇಲ್ಲಿ ಉಬ್ಬಿದೆಯಲ್ಲ, ಹೊಸ ರಕ್ತನಾಳ ಸೋರ್ತಿದೆ. ಅದಕ್ಕೇ ನೇರ ಇರೋದೂ ಡೊಂಕಾಗಿ ಕಾಣೋದು."

ಪದರ ಪದರವಾಗಿ ಕಂಡ ಆ ಚಿತ್ರ ಮೊಣಕೈಯಲ್ಲಿ ಸವೆದ ಕೋಟಿನ ಹಾಗೇ ಇತ್ತು. "ಇದಕ್ಕೆ ರಫು ಇಲ್ವಾ ಡಾಕ್ಟ್ರೇ?"

"ಸೋರೋದನ್ನ ಇಂಜೆಕ್ಷನ್ ಕೊಟ್ಟು ತಡೀಬಹುದು. ಸವೆದದ್ದು ವಾಪಸ್ ಬರಲ್ಲ. ಎಡಗಣ್ಣೂ ತೆಳ್ಳಗಿದೆ, ಅದನ್ನಾದ್ರೂ ಕಾಪಾಡ್ಕೊಳ್ಳೋಣ."

ಅಂಗಡಿಗೆ ಬಂದವಳು ನೀರೂ ಕುಡಿಯದೆ ಬೂದು ಕೋಟನ್ನು ಎಳೆದುಕೊಂಡಳು. ಬಲಗಣ್ಣಿಗೆ ಅಂಗೈ ಮುಚ್ಚಿ, ಬಿಚ್ಚದೆ ಉಳಿದಿದ್ದ ಅರ್ಧವನ್ನು ಎಡಗಣ್ಣಿಗೆ ಹಿಡಿದಳು. ಎಳೆಗಳು ಗೆರೆ ಎಳೆದಷ್ಟು ನೇರವಾಗಿದ್ದವು. ಅವಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ನೆಲ ನೆಟ್ಟಗೇ ಇತ್ತು ಕಣೇ. ನಿನ್ನ ಕೆಲಸ ಹಾಳು ಮಾಡಿ, ನಿನಗೇ ಬೈದೆ."

ನಾದಿನಿ ಸೂಜಿಗೆ ದಾರ ಪೋಣಿಸಿದಳು. "ಅದು ನನ್ನ ಕೆಲಸ ಅಲ್ಲ ಅತ್ತಿಗೆ," ಎಂದಳು. "ಆ ಕೋಟು ಹೆಣೆದದ್ದು ನೀವೇ."

ಬುಡ್ಡಿಯಕ್ಕ ಉಳಿದ ಎಳೆಗಳ ಮೇಲೆ ಬೆರಳಾಡಿಸಿದಳು. ತನ್ನ ಕೈಕೆಲಸ ತನಗೇ ಗುರುತು ಸಿಕ್ಕಿರಲಿಲ್ಲ. ಅಳು ಒತ್ತರಿಸಿ ಬಂತು, ಅತ್ತಳು. ಆಮೇಲೆ ಕೋಟನ್ನು ನಾದಿನಿಯ ಮಡಿಲಿಗೆ ಸರಿಸಿದಳು.

"ಇನ್ಮೇಲೆ ಬಿಚ್ಚೋ ಮುಂಚೆ ನಿನ್ನ ಕೇಳ್ತೀನಿ," ಎಂದಳು.