ವಾಪಸ್ ಕೊಡದ ಚಂದ್ರಿಕೆ

ಅಕ್ಕನ ಚಾಕಿ ಮನೆಗೆ ನಾನು ಕಂಪ್ಯೂಟರ್ ಕೂರಿಸಿಕೊಟ್ಟದ್ದು ಒಂದೇ ಒಂದು ದಿನದ ಸಲುವಾಗಿ. ಅಮ್ಮನ ವರ್ಷದ ಎಡೆಗೆ ಅವಳು ತವರಿಗೆ, ಮಾಗಡಿಗೆ ಬರಬೇಕಿತ್ತು.

ಅಕ್ಕನನ್ನು ಕೊಟ್ಟದ್ದು ವಿರೂಪಾಕ್ಷಿಪುರದ ಕಡೆಗೆ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಹತ್ತು ದಿನ ಸಾಕಿ ರೈತರಿಗೆ ಕೊಡುವುದು ಅವಳ ಕಸುಬು. ಆ ಎಳೆ ಹುಳುಗಳ ಕೋಣೆಯೇ ಚಾಕಿ ಮನೆ. ಅಲ್ಲಿ ಶಾಖ, ತೇವ ಎರಡೂ ಹದವಾಗಿರಬೇಕು, ಬಾಣಂತಿ ಕೋಣೆಗಿಂತ ಹೆಚ್ಚು ಜೋಪಾನ. ಅಮ್ಮ ತೀರಿಕೊಂಡ ದಿನ ಅಕ್ಕ ಹುಳುಗಳನ್ನು ಯಾರಿಗೋ ಒಪ್ಪಿಸಿ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. "ಮಕ ನೋಡಕ್ಕೂ ಆಗ್ನಿಲ್ಲ ಕಣ್ಲಾ" ಎಂದು ವರ್ಷವೆಲ್ಲ ಅಂದಳು. ಕೇಳಿ ಕೇಳಿ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ನನ್ನದು ರಾಮನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಪ್ರೋಗ್ರಾಂ ಬರೆಯುವುದು ಅಲ್ಪಸ್ವಲ್ಪ ಗೊತ್ತು, ಗೊತ್ತಿದೆ ಎಂಬ ಜಂಬ ಬೇಕಾದಷ್ಟು ಇತ್ತು. ಒಂದು ಸಣ್ಣ ಕಂಪ್ಯೂಟರು ತಂದು ಹೀಟರಿಗೂ ಮಂಜು ಚೆಲ್ಲುವ ಯಂತ್ರಕ್ಕೂ ಜೋಡಿಸಿದೆ. ಆಗಾಗ ತಟ್ಟೆಗಳ ಫೋಟೊ ತೆಗೆಯುವುದು, ಶಾಖ ನೋಡಿಕೊಳ್ಳುವುದು, ಹದ ತಪ್ಪಿದರೆ ಫೋನಿಗೆ ಮೆಸೇಜ್ ಹಾಕುವುದು, ಎಲ್ಲಕ್ಕೂ ಒಂದೇ ಪ್ರೋಗ್ರಾಂ. ಬೇರೆ ಬೇರೆ ಬರೆಯಲು ಸೋಮಾರಿತನ.

"ನಂಬ್ಕೊಂಡು ಬರ್ಲಾ?" ಎಂದಳು ಅಕ್ಕ.

"ಧೈರ್ಯವಾಗಿ ಬಾರಕ್ಕ. ನಿನಗಿಂತ ಚೆನ್ನಾಗಿ ನೋಡ್ಕೊತದೆ."

ಚಳಿಗಾಲದ ಬೆಳಿಗ್ಗೆ. ಹೀಟರ್ ಹೊತ್ತಿಕೊಂಡದ್ದನ್ನು ಕಣ್ಣಾರೆ ನೋಡಿ, ಬಾಗಿಲು ಹಾಕಿ, ಅವಳು ಬಸ್ಸು ಹತ್ತಿದಳು. ಎಲೆಯ ಮುಂದೆ ಕೂತು ಅಮ್ಮನಿಗೆ ತನ್ನ ಕೈಯಾರೆ ಮುದ್ದೆ, ಉಪ್ಸಾರು ಬಡಿಸಿದಳು. ಮನಸಾರೆ ಅತ್ತಳು. ನಾನು ನಡುನಡುವೆ ಫೋನು ನೋಡಿದೆ. ಮೆಸೇಜ್ ಇರಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಇನ್ನೊಂದು ವಡೆ ಹಾಕಿಸಿಕೊಂಡೆ.

ಸಂಜೆ ಇಬ್ಬರೂ ಹೋಗಿ ಬಾಗಿಲು ತೆಗೆದಾಗ ಮುಖಕ್ಕೆ ರಾಚಿದ ಬಿಸಿ ಇವತ್ತಿಗೂ ನನ್ನ ಮೈಮೇಲಿದೆ. ಹೀಟರ್ ಉರಿಯುತ್ತಲೇ ಇತ್ತು. ಮಂಜಿನ ಯಂತ್ರ ನಿಂತಿತ್ತು. ಹೆಚ್ಚಿ ಹಾಕಿದ್ದ ಹಿಪ್ಪುನೇರಳೆ ಸೊಪ್ಪು ಗರಿಗರಿ ಒಣಗಿತ್ತು. ಅದರ ಮೇಲಿನ ಹುಳುಗಳು ಕಪ್ಪು ದಾರದ ಚೂರುಗಳ ಹಾಗೆ ಬಿದ್ದಿದ್ದವು. ಅಕ್ಕ ಒಂದು ತಟ್ಟೆಯ ಮೇಲೆ ಬಾಗಿ ಮೆಲ್ಲಗೆ ಊದಿದಳು. ಒಂದೂ ತಲೆ ಎತ್ತಲಿಲ್ಲ.

ಪ್ರೋಗ್ರಾಂ ಮಧ್ಯಾಹ್ನದ ಮೊದಲೇ ಸತ್ತಿತ್ತು. ಆಪರೇಟಿಂಗ್ ಸಿಸ್ಟಂ ಅದನ್ನು ಕೊಂದಿತ್ತು. ಆ ಗಳಿಗೆಯಲ್ಲಿ ಹೊತ್ತಿದ್ದ ಹೀಟರ್ ಹಾಗೇ ಉರಿಯುತ್ತ ಉಳಿಯಿತು, ನಿಂತಿದ್ದ ಮಂಜಿನ ಯಂತ್ರ ನಿಂತೇ ಉಳಿಯಿತು. ಹೀಟರ್ ಆರಿಸುವವರೂ ಇಲ್ಲ, ಮೆಸೇಜ್ ಹಾಕುವವರೂ ಇಲ್ಲ.

"ಯಾಕ್ಲಾ ಹಿಂಗಾಯ್ತು?" ಎಂದು ಅವಳು ಕೇಳಿದ್ದು ಮೂರು ದಿನ ಬಿಟ್ಟು. ಹೇಗೆ ಹೇಳುವುದು? ಪಕ್ಕದ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳನ್ನು ತೋರಿಸಿದೆ. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗಳು ಅವು. ನಮ್ಮ ಕಡೆ ಬಾಡಿಗೆಗೂ ತರುತ್ತಾರೆ. ಪ್ರೋಗ್ರಾಂ ಕೆಲಸ ಮಾಡುವಾಗ ಫೋಟೊ ಇಟ್ಟುಕೊಳ್ಳುವ ಜಾಗ, ಮೆಮೊರಿಯೂ ಹಾಗೇ ಅಕ್ಕ, ಎಂದೆ. ಆಪರೇಟಿಂಗ್ ಸಿಸ್ಟಂ ಚಂದ್ರಿಕೆ ಕೊಡುವ ಯಜಮಾನ. ಫೋಟೊ ನೋಡಿ ಮುಗಿದ ಮೇಲೆ ಆ ಜಾಗ ಖಾಲಿ ಎಂದು ನಾನು ಬರೆದಿದ್ದೆ. ಖಾಲಿಯಾದದ್ದು ಯಜಮಾನನಿಗೆ ತಾನಾಗಿಯೇ ಮರಳುತ್ತದೆ ಎಂದುಕೊಂಡಿದ್ದೆ. ಆದರೆ ಪ್ರೋಗ್ರಾಂ ಅದನ್ನು ಮುಂದಿನ ಸಲಕ್ಕಿರಲಿ ಎಂದು ತನ್ನ ಗೋಡೆಗೇ ಒರಗಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಂದಿನ ಚಂದ್ರಿಕೆಯಲ್ಲಿ ನಾಲ್ಕು ಹುಳು ಇನ್ನೂ ಗೂಡು ಕಟ್ಟುತ್ತಿದ್ದರೆ ಅದರ ಹಿಂದಿನ ಖಾಲಿ ಚಂದ್ರಿಕೆಗಳನ್ನೂ ಎಳೆಯಲಾಗದು. ದೊಡ್ಡ ಫೋಟೊ ಬಂದು ಹಳೆಯ ಜಾಗದಲ್ಲಿ ಹಿಡಿಸದಿದ್ದರೆ ಮತ್ತೆ ಹೊಸದು ಕೇಳುತ್ತದೆ. ಕೊನೆಗೆ ಯಜಮಾನನ ಹತ್ತಿರ ಯಾರಿಗೂ ಕೊಡಲು ಏನೂ ಉಳಿಯದೆ, ಅತಿ ಹೆಚ್ಚು ಹಿಡಿದುಕೊಂಡವನ ಕುತ್ತಿಗೆಗೇ ಕೈ ಹಾಕಿದ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಕೆಲ್ಸ ಮುಗೀತು ಅಂದ್ಬುಟ್ರೆ ಆಯ್ತಾ? ಅವ್ರ ಬಾಗ್ಲಿಗೆ ಒತ್ಕೊಂಡೋಗಿ ಒಪ್ಪುಸ್ಬುಟ್ಟು ಬರ್ಬೇಕು. ಇದು ನಿಂಗೆ ಗೊತ್ತಿರ್ನಿಲ್ವಾ?"

ಗೊತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವಳು ಅಕ್ಕ. ಹುಳುವಿಗೆ ಹೇಳಿಟ್ಟಿದ್ದ ರೈತರು ಸೊಪ್ಪು ಬೆಳೆಸಿಕೊಂಡು ಕಾಯುತ್ತಿದ್ದರು. ಒಬ್ಬೊಬ್ಬರ ಮನೆಗೂ ಹೋಗಿ ಅವಳೇ ಕೈ ಮುಗಿದಳು. ನಾನು ಬೈಕಿನ ಮೇಲೆ ಕೂತೇ ಇದ್ದೆ, ಇಳಿಯಲು ಮುಖವಿರಲಿಲ್ಲ.

ಆಮೇಲೆ ಎಲ್ಲ ತಿದ್ದಿದೆ. ಫೋಟೊಗೆ ಬೇರೆ ಪ್ರೋಗ್ರಾಂ, ಶಾಖಕ್ಕೆ ಬೇರೆ. ಫೋಟೊದ್ದು ಕೆಲಸ ಮುಗಿದೊಡನೆ ಹಿಡಿದದ್ದನ್ನೆಲ್ಲ ವಾಪಸ್ ಕೊಡುತ್ತದೆ. ಕಂಪ್ಯೂಟರೇ ಕೆಟ್ಟರೂ ಹೀಟರ್ ತಾನಾಗಿ ಆರುತ್ತದೆ. ತಿಂಗಳುಗಟ್ಟಲೆ ಒಂದು ತಪ್ಪೂ ಆಗಿಲ್ಲ. ತೋರಿಸಿದಾಗ ಅಕ್ಕ "ಚೆನ್ನಾಗೈತೆ ಬುಡು" ಎಂದಳು.

ಈ ವರ್ಷ ಎಡೆಯ ದಿನ ಬೆಳಿಗ್ಗೆ ಫೋನು ಮಾಡಿದೆ.

"ಉಳ ಜ್ವರಕ್ಕೆ ಕುಂತವೆ ಕಣ್ಲಾ. ನನ್ ಹೆಸ್ರಲ್ಲೂ ಒಂದು ತುತ್ತು ನೀನೇ ಇಕ್ಬುಡು" ಎಂದಳು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ಜ್ವರ ಅನ್ನುತ್ತೇವೆ. ಆಗ ಚಾಕಿ ಮನೆಯಲ್ಲಿ ಮಾಡುವ ಕೆಲಸವೇ ಇರುವುದಿಲ್ಲ.

ಎಲೆಯ ಮುಂದೆ ಕೂತು ಫೋನಿನಲ್ಲಿ ಆಗಷ್ಟೇ ಬಂದ ಫೋಟೊ ತೆಗೆದು ನೋಡಿದೆ. ಶಾಖ ಸರಿಯಾಗಿತ್ತು, ತೇವ ಸರಿಯಾಗಿತ್ತು. ತಟ್ಟೆಗಳ ಪಕ್ಕದಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತು ಹೀಟರನ್ನೇ ನೋಡುತ್ತಿದ್ದಳು.